ಬಿಡಿಭಾಗಗಳ ಕಂಪ್ಯೂಟರ್ ಮನೆಗೆ ಬಂದ ಕಥೆ: ಆರಿಸುವವರು ಯಾರು, ಮುಂದೆ ಕೂರುವವರು ಯಾರು?

"ಮನೆಯವಳಿಗೆ ಒಂದು ಕಂಪ್ಯೂಟರ್ ಬೇಕು, ಜಾಸ್ತಿ ದುಡ್ಡಿಲ್ಲ. ಕಂಪನಿದೇ ತಗೊಳ್ಳೋದೋ, ಅಸೆಂಬಲ್ ಮಾಡಿಸೋದೋ?"

ನಮ್ಮ ಕಡೆ ಈ ಮಾತು ಈಗ ಆಗಾಗ ಕೇಳಿಬರುತ್ತದೆ. ಮದುವೆಯಾಗಿ ಬಂದ ಹುಡುಗಿ ಡಿಗ್ರಿ ಓದಿರುತ್ತಾಳೆ. ಮನೆಯಲ್ಲೇ ಕೂತು ಟೈಪಿಂಗ್ ಕೆಲಸ ಮಾಡಬಲ್ಲಳು, ಸಂಘದ ಲೆಕ್ಕ ಬರೆಯಬಲ್ಲಳು, ಪರೀಕ್ಷೆಗೆ ಓದಬಲ್ಲಳು. ಮೊಬೈಲಿನ ಸಣ್ಣ ಪರದೆಯಲ್ಲಿ ಇದೆಲ್ಲ ಆಗುವುದಿಲ್ಲ. ಹಾಗಾಗಿ ಗಂಡ ಪೇಟೆಗೆ ಹೊರಡುತ್ತಾನೆ. ಅಂಗಡಿಯಲ್ಲಿ ಕೊಟ್ಟ ಪಟ್ಟಿ ನೋಡಿದರೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಆಗುವುದಿಲ್ಲ.

ಆ ಪಟ್ಟಿ ಅರ್ಥವಾಗಬೇಕಾದರೆ ಅದರ ಹಿಂದಿನ ಐವತ್ತು ವರ್ಷಗಳ ಇತಿಹಾಸ ಸ್ವಲ್ಪ ಗೊತ್ತಿರಬೇಕು. ಸಾಮಾನ್ಯ ಮನೆಗೆ ಕಂಪ್ಯೂಟರ್ ಕೈಗೆಟುಕುವಂತೆ ಮಾಡಿದ್ದು ಯಾರೋ ಒಬ್ಬರ ಔದಾರ್ಯವಲ್ಲ. ಭಾಗಗಳನ್ನು ಬೇರೆ ಬೇರೆ ಕಡೆ ಕೊಂಡು ಜೋಡಿಸಬಹುದು ಎನ್ನುವ ಒಂದು ಅವಕಾಶ. ಆ ಅವಕಾಶ ಹೇಗೆ ಬಂತು, ಅದನ್ನು ಇವತ್ತು ನಮ್ಮ ಮನೆಯಲ್ಲಿ ಹೇಗೆ ಬಳಸಬೇಕು ಎನ್ನುವುದೇ ಈ ಬರಹ.

ಪಂಪ್‌ಸೆಟ್ ಇದ್ದ ಹಾಗೆ

ಬೋರ್‌ವೆಲ್‌ಗೆ ಮೋಟಾರ್ ಇಳಿಸುವುದನ್ನು ನೀವು ನೋಡಿದ್ದೀರಿ. ಮೋಟಾರ್ ಒಂದು ಕಂಪನಿದು, ಪೈಪ್ ಇನ್ನೊಂದರದು, ಕೇಬಲ್ ಮತ್ತೊಂದರದು, ಸ್ಟಾರ್ಟರ್ ಬೇರೆಯದೇ. ಆದರೂ ಎಲ್ಲ ಸೇರಿ ನೀರೆತ್ತುತ್ತವೆ. ಯಾಕೆ? ಪೈಪಿನ ಅಳತೆ ಇಷ್ಟು, ವೋಲ್ಟೇಜ್ ಇಷ್ಟು, ಎಚ್‌ಪಿ ಇಷ್ಟು ಎಂದು ಎಲ್ಲರೂ ಒಪ್ಪಿಕೊಂಡಿದ್ದಾರೆ. ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸುತ್ತೇವೆ. ಬೋರ್‌ವೆಲ್ಲನ್ನೇ ಮುಚ್ಚುವುದಿಲ್ಲ.

ಅಸೆಂಬಲ್ಡ್ ಕಂಪ್ಯೂಟರ್ ಕೂಡ ಹಾಗೇ. ಲೆಕ್ಕ ಮಾಡುವ ಪ್ರೊಸೆಸರ್, ಎಲ್ಲವನ್ನೂ ಜೋಡಿಸುವ ಮದರ್‌ಬೋರ್ಡ್, ಕೆಲಸ ನಡೆಯುವಾಗ ಮಾಹಿತಿ ಹಿಡಿದಿಡುವ ರ್‍ಯಾಮ್, ಕರೆಂಟ್ ಹೋದರೂ ಕಡತ ಉಳಿಸುವ ಡಿಸ್ಕ್, ಮನೆಯ ಕರೆಂಟನ್ನು ತಕ್ಕ ವೋಲ್ಟೇಜಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್, ಇವನ್ನೆಲ್ಲ ಕೂರಿಸುವ ಕ್ಯಾಬಿನೆಟ್. ಹೊರಗೆ ಮಾನಿಟರ್, ಕೀಬೋರ್ಡ್, ಮೌಸ್. ಇಷ್ಟೇ.

ಪಂಪ್‌ಸೆಟ್ಟಿನ ಅಳತೆಗಳನ್ನು ಎಲ್ಲರೂ ಒಪ್ಪಿಕೊಂಡ ಹಾಗೆ ಕಂಪ್ಯೂಟರಿನ ಅಳತೆಗಳನ್ನು ಒಪ್ಪಿಕೊಂಡದ್ದು ಯಾವಾಗ? ಅಲ್ಲಿಂದ ಶುರು ಮಾಡೋಣ.

1975: ಬಲ್ಬು, ಸ್ವಿಚ್ಚುಗಳ ಪೆಟ್ಟಿಗೆ

1970ರ ದಶಕದ ಆರಂಭದವರೆಗೆ ಕಂಪ್ಯೂಟರ್ ಎಂದರೆ ಸರ್ಕಾರ, ಬ್ಯಾಂಕು, ವಿಶ್ವವಿದ್ಯಾಲಯಗಳ ಆಸ್ತಿ. ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇರಲಿಲ್ಲ.

1975ರ ಜನವರಿಯಲ್ಲಿ ಅಮೆರಿಕದ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಒಂದು ಪೆಟ್ಟಿಗೆಯ ಚಿತ್ರ ಬಂತು. ಅದರ ಹೆಸರು ಆಲ್ಟೇರ್ 8800. ಮಾಡಿದ್ದು ನ್ಯೂ ಮೆಕ್ಸಿಕೋದ ಎಂಐಟಿಎಸ್ ಎಂಬ ಸಣ್ಣ ಕಂಪನಿ. ಸುಮಾರು 400 ಡಾಲರ್ ಕೊಟ್ಟರೆ ಭಾಗಗಳನ್ನು ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು. ಬೆಸುಗೆ ಹಾಕಿ ಜೋಡಿಸಿಕೊಳ್ಳುವುದು ಕೊಂಡವರ ಕೆಲಸ. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಮುಂಭಾಗದಲ್ಲಿ ಸ್ವಿಚ್ಚುಗಳ ಸಾಲು, ಮಿಣುಕುವ ದೀಪಗಳು. ಜೊತೆಗೆ ಬರುತ್ತಿದ್ದ ಮೆಮೊರಿ ಬರೀ 256 ಬೈಟ್. ಕನ್ನಡದ ಒಂದೆರಡು ವಾಕ್ಯ ಬರೆದರೆ ಅದು ತುಂಬಿಹೋಗುತ್ತದೆ.

ಆದರೂ ಜನ ಮುಗಿಬಿದ್ದರು. ಕಾರಣ, ಆ ಪೆಟ್ಟಿಗೆಯೊಳಗೆ 100 ಪಿನ್ನುಗಳ ಸಾಕೆಟ್‌ಗಳಿದ್ದವು. ಆ ಅಳತೆಗೆ ತಕ್ಕ ಹಲಗೆ ಮಾಡಿದರೆ ಯಾರ ಹಲಗೆಯಾದರೂ ಕೂರುತ್ತಿತ್ತು. ಎಂಐಟಿಎಸ್ ಮಾರುತ್ತಿದ್ದ ಮೆಮೊರಿ ಹಲಗೆಗಳು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ದೂರು ಎದ್ದಾಗ ಹೊರಗಿನವರು ಅದಕ್ಕಿಂತ ಒಳ್ಳೆಯ ಹಲಗೆ ಮಾಡಿ ಮಾರಲು ಶುರುಮಾಡಿದರು.

ಅವರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸಂಸಾರವೂ ಇತ್ತು. ಗಂಡ ಬಾಬ್ ಹಾರ್ಪ್ ಎಂಜಿನಿಯರ್. ಆಲ್ಟೇರ್‌ಗೆ ಹೊಂದುವ 8 ಕೆ ಮೆಮೊರಿ ಹಲಗೆಯ ನಕ್ಷೆ ಮಾಡಿಟ್ಟಿದ್ದ. ಹೆಂಡತಿ ಲೋರ್ ಹಾರ್ಪ್ ಮನೆ, ಮಕ್ಕಳನ್ನು ನೋಡಿಕೊಂಡಿದ್ದಾಕೆ. ನೆರೆಯ ಗೆಳತಿ ಕ್ಯಾರೊಲ್ ಈಲಿ ಜೊತೆ ಸೇರಿ 1976ರಲ್ಲಿ ಆ ಹಲಗೆಯನ್ನು ಮಾರಲು ಮನೆಯಿಂದಲೇ ವೆಕ್ಟರ್ ಗ್ರಾಫಿಕ್ ಎಂಬ ಕಂಪನಿ ತೆರೆದಳು. ಮುಂದೆ ಅವರು ಇಡೀ ಕಂಪ್ಯೂಟರನ್ನೇ ಮಾಡಿ ಮಾರಿದರು. 1981ರಲ್ಲಿ ಕಂಪನಿ ಷೇರು ಮಾರುಕಟ್ಟೆಗೂ ಬಂತು.

ಒಂದು ಬಿಡಿಭಾಗ ಮಾಡಿ ಮಾರುವ ಅವಕಾಶ ಇದ್ದದ್ದರಿಂದ ಮನೆಯೊಳಗೇ ಒಂದು ಕಂಪನಿ ಹುಟ್ಟಿತು. ಅದರ ವ್ಯಾಪಾರ ನಡೆಸಿದವರು ಇಬ್ಬರು ಗೃಹಿಣಿಯರು.

ಅತ್ತ ಬ್ರಿಟನ್ನಿನಲ್ಲಿ ಬೆಲೆ ಇಳಿಸುವ ಇನ್ನೊಂದು ಪ್ರಯತ್ನ ನಡೆಯಿತು. ಕ್ಲೈವ್ ಸಿಂಕ್ಲೇರ್ 1981ರಲ್ಲಿ ಜೆಡ್‌ಎಕ್ಸ್ 81 ಎಂಬ ಪುಟ್ಟ ಕಂಪ್ಯೂಟರ್ ತಂದರು. ಜೋಡಿಸಿದ್ದು ಬೇಕಾದರೆ 69.95 ಪೌಂಡ್, ನೀವೇ ಜೋಡಿಸಿಕೊಳ್ಳುವುದಾದರೆ 49.95 ಪೌಂಡ್. ಪರದೆಯ ಬದಲು ಮನೆಯ ಟಿವಿ, ಡಿಸ್ಕಿನ ಬದಲು ಕ್ಯಾಸೆಟ್ ಪ್ಲೇಯರ್. ಮನೆಯಲ್ಲಿ ಆಗಲೇ ಇರುವ ಸಾಮಾನನ್ನು ಬಳಸಿಕೊಂಡು ಖರ್ಚು ಉಳಿಸುವ ಉಪಾಯ. ಈ ಉಪಾಯವನ್ನು ನೆನಪಿಡಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

1981: ದೊಡ್ಡ ಕಂಪನಿಯ ಅವಸರ

ಈ ಇತಿಹಾಸದ ದೊಡ್ಡ ತಿರುವು 1981ರ ಆಗಸ್ಟ್ 12ರದ್ದು. ಅಂದು ಐಬಿಎಂ ತನ್ನ ಪಿಸಿಯನ್ನು ಘೋಷಿಸಿತು. ಆರಂಭದ ಬೆಲೆ 1,565 ಡಾಲರ್. ಅದರಲ್ಲಿ ಮಾನಿಟರ್ ಸೇರಿರಲಿಲ್ಲ.

ಐಬಿಎಂ ಅಲ್ಲಿಯವರೆಗೆ ಬಹುತೇಕ ಭಾಗಗಳನ್ನು ತಾನೇ ತಯಾರಿಸುತ್ತಿದ್ದ ಕಂಪನಿ. ಆದರೆ ಈ ಸಲ ಅವಸರವಿತ್ತು. ಸುಮಾರು ಒಂದು ವರ್ಷದಲ್ಲಿ ಯಂತ್ರ ಮಾರುಕಟ್ಟೆಗೆ ಬರಬೇಕಿತ್ತು. ಹಾಗಾಗಿ ಫ್ಲೋರಿಡಾದ ಅದರ ತಂಡ ಹೊರಗೆ ಸಿಗುವ ಭಾಗಗಳನ್ನೇ ಕೊಂಡಿತು. ಪ್ರೊಸೆಸರ್ ಇಂಟೆಲ್‌ನದು, ಆಪರೇಟಿಂಗ್ ಸಿಸ್ಟಂ ಮೈಕ್ರೋಸಾಫ್ಟ್‌ನದು. ಒಳಗೆ ಐದು ಖಾಲಿ ಸ್ಲಾಟ್‌ಗಳಿದ್ದವು. ಬೇರೆಯವರು ಅದಕ್ಕೆ ಕಾರ್ಡ್ ಮಾಡಿ ಮಾರಲಿ ಎಂದು ಸರ್ಕ್ಯೂಟ್ ನಕ್ಷೆ ಸಹಿತ ಪುಸ್ತಕವನ್ನೂ ಕಂಪನಿ ಪ್ರಕಟಿಸಿತು.

ಐಬಿಎಂ ತನ್ನದೇ ಎಂದು ಭದ್ರವಾಗಿ ಹಿಡಿದುಕೊಂಡದ್ದು ಬಯೋಸ್ ಒಂದನ್ನು. ಅದು ಸ್ವಿಚ್ ಹಾಕಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಂ. ಅದನ್ನು ನಕಲು ಮಾಡಿದರೆ ಕಾಪಿರೈಟ್ ಕೇಸು.

ಟೆಕ್ಸಾಸ್‌ನಲ್ಲಿ 1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೆ ಕಾನೂನಿನ ಒಳಗೇ ಒಂದು ದಾರಿ ಹಿಡಿಯಿತು. ಒಂದು ಗುಂಪು ಐಬಿಎಂನ ಬಯೋಸ್ ಏನೇನು ಕೆಲಸ ಮಾಡುತ್ತದೆ ಎಂದು ಮಾತ್ರ ಬರೆದುಕೊಟ್ಟಿತು. ಐಬಿಎಂ ಬರೆದದ್ದನ್ನು ಕಣ್ಣಲ್ಲೂ ನೋಡದ ಇನ್ನೊಂದು ಗುಂಪು ಅದೇ ಕೆಲಸ ಮಾಡುವ ಹೊಸ ಪ್ರೋಗ್ರಾಂ ಬರೆಯಿತು. ಅಡುಗೆಯ ರುಚಿ ಕೇಳಿ ತಿಳಿದುಕೊಂಡು, ತಮ್ಮ ಮನೆಯ ಒಲೆಯ ಮೇಲೆ ತಾವೇ ಮಾಡಿದ ಹಾಗೆ. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಇದೇ ರೀತಿ ಬಯೋಸ್ ಬರೆದು, ಕೇಳಿದವರಿಗೆಲ್ಲ ಮಾರತೊಡಗಿತು.

ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಐಬಿಎಂಗೆ ಹೊಂದುವ ಯಂತ್ರವನ್ನು ಈಗ ಯಾರು ಬೇಕಾದರೂ ಮಾಡಬಹುದು. ತೈವಾನ್‌ನಲ್ಲಿ ಮದರ್‌ಬೋರ್ಡ್ ಮಾಡುವ ಕಂಪನಿಗಳು ಎದ್ದುನಿಂತವು. ಗಿಗಾಬೈಟ್ ಮತ್ತು ಎಂಎಸ್‌ಐ ಹುಟ್ಟಿದ್ದು 1986ರಲ್ಲಿ, ಏಸಸ್ 1989ರಲ್ಲಿ. ಇವತ್ತಿಗೂ ಅಂಗಡಿಯ ಪಟ್ಟಿಯಲ್ಲಿ ಮದರ್‌ಬೋರ್ಡ್ ಎಂಬಲ್ಲಿ ಕಾಣುವ ಹೆಸರುಗಳು ಇವೇ. 1995ರಲ್ಲಿ ಇಂಟೆಲ್ 'ಎಟಿಎಕ್ಸ್' ಎಂಬ ಅಳತೆಯನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಉದ್ದಗಲ, ಸ್ಕ್ರೂ ತೂತುಗಳ ಜಾಗ, ಕರೆಂಟ್ ಕೊಡುವ ಪ್ಲಗ್ಗಿನ ಆಕಾರ ಎಲ್ಲ ಅದರಲ್ಲಿ ನಿಗದಿಯಾಯಿತು. ಅಂದಿನ ಆ ಸ್ಕ್ರೂ ತೂತುಗಳ ಲೆಕ್ಕವೇ ಇಂದಿನ ಕ್ಯಾಬಿನೆಟ್ಟಿನಲ್ಲೂ ನಡೆಯುತ್ತಿದೆ.

ಇತ್ತ ವೆಕ್ಟರ್ ಗ್ರಾಫಿಕ್ ಏನಾಯಿತು? ಎಲ್ಲರೂ ಐಬಿಎಂ ಅಳತೆಗೆ ಹೊರಳಿದಾಗ ಅದರ ವ್ಯಾಪಾರ ಕುಸಿದು, ಕೆಲವೇ ವರ್ಷಗಳಲ್ಲಿ ಬಾಗಿಲು ಹಾಕಿತು. ಒಪ್ಪಿತ ಅಳತೆ ಕೊಳ್ಳುವವರಿಗೆ ಲಾಭ. ಆದರೆ ಅಳತೆ ಬದಲಾದಾಗ ಹಳೆಯದರಲ್ಲಿ ಉಳಿದವರಿಗೆ ಕಷ್ಟ. ಇದನ್ನೂ ನೆನಪಿಡಿ.

ನಮ್ಮ ದೇಶಕ್ಕೆ ಬಂದದ್ದು

ಭಾರತದಲ್ಲಿ ಐಬಿಎಂ 1978ರಲ್ಲೇ ಅಂಗಡಿ ಮುಚ್ಚಿಕೊಂಡು ಹೋಗಿತ್ತು. ವಿದೇಶಿ ಕಂಪನಿಗಳು ಇಲ್ಲಿನ ಘಟಕದಲ್ಲಿ ತಮ್ಮ ಪಾಲನ್ನು ಕಡಿಮೆ ಮಾಡಿಕೊಳ್ಳಬೇಕು ಎಂಬ ಕಾನೂನಿಗೆ ಅದು ಒಪ್ಪಲಿಲ್ಲ. ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್, 1976ರಲ್ಲಿ ಹುಟ್ಟಿದ ಎಚ್‌ಸಿಎಲ್, ಬೆಂಗಳೂರಿನ ವಿಪ್ರೊ ಮುಂತಾದವು ಆ ಜಾಗ ತುಂಬಿದವು. ಆದರೆ ಲೈಸೆನ್ಸು, ಆಮದು ಸುಂಕಗಳ ನಡುವೆ ಕಂಪ್ಯೂಟರ್ ಎಂದರೆ ಕಚೇರಿಯ ವಸ್ತುವೇ ಆಗಿತ್ತು.

1984ರ ನವೆಂಬರಿನಲ್ಲಿ ರಾಜೀವ್ ಗಾಂಧಿ ಸರ್ಕಾರ ಹೊಸ ಕಂಪ್ಯೂಟರ್ ನೀತಿ ತಂದಿತು. ಲೈಸೆನ್ಸ್ ಸಡಿಲವಾಯಿತು, ಭಾಗಗಳ ಮೇಲಿನ ಸುಂಕ ಇಳಿಯಿತು. 1991ರ ಆರ್ಥಿಕ ಬದಲಾವಣೆ ಇನ್ನಷ್ಟು ಬಾಗಿಲು ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಸಾಮಗ್ರಿಗಳ ಮೇಲಿನ ಸುಂಕ ಇಳಿಸುವ ಜಾಗತಿಕ ಒಪ್ಪಂದ ಸೇರಿತು. ಹಂತಹಂತವಾಗಿ ಆ ಸಾಮಗ್ರಿಗಳ ಸುಂಕ ಸೊನ್ನೆಗೆ ಬಂತು.

ಈ ಅವಧಿಯಲ್ಲೇ ದೇಶದ ದೊಡ್ಡ ಊರುಗಳಲ್ಲಿ ಒಂದೊಂದು ಬೀದಿ ಕಂಪ್ಯೂಟರ್ ಭಾಗಗಳ ಸಂತೆಯಾಯಿತು. ದೆಹಲಿಯಲ್ಲಿ ನೆಹರು ಪ್ಲೇಸ್, ಮುಂಬೈಯಲ್ಲಿ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯಲ್ಲಿ ರಿಚ್ಚಿ ಸ್ಟ್ರೀಟ್, ಬೆಂಗಳೂರಿನಲ್ಲಿ ಟೌನ್ ಹಾಲ್ ಹತ್ತಿರದ ಎಸ್.ಪಿ. ರೋಡ್. ನಮ್ಮ ತಾಲ್ಲೂಕು ಪೇಟೆಗಳ ಕಂಪ್ಯೂಟರ್ ಸೆಂಟರಿನವರು, ಡಿಟಿಪಿಯವರು ಬಸ್ಸು ಹತ್ತಿ ಹೋಗಿ, ಭಾಗಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊತ್ತು ತಂದು ಜೋಡಿಸಿದರು. ಕಂಪನಿ ಕಂಪ್ಯೂಟರಿಗಿಂತ ಅದು ಅಗ್ಗ. ಕೆಟ್ಟರೆ ಊರಲ್ಲೇ ರಿಪೇರಿ.

1998ರಲ್ಲಿ ಇಂಟೆಲ್ ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರ್ ತಂದಿತು. ಎಎಂಡಿ ಕಂಪನಿ ಕೆ6-2, 2000ರಲ್ಲಿ ಡ್ಯೂರಾನ್ ತಂದು ಪೈಪೋಟಿ ಕೊಟ್ಟಿತು. 1999ರಿಂದ ಇಂಟೆಲ್‌ನ ಮದರ್‌ಬೋರ್ಡುಗಳಲ್ಲಿ ಚಿತ್ರ ತೋರಿಸುವ ವ್ಯವಸ್ಥೆ ಬೋರ್ಡಿನಲ್ಲೇ ಸೇರಿ ಬರತೊಡಗಿತು. ಬೇರೆ ಗ್ರಾಫಿಕ್ಸ್ ಕಾರ್ಡಿನ ಖರ್ಚು ಉಳಿಯಿತು. ಮನೆಗೆ ಕಂಪ್ಯೂಟರ್ ಬಂದದ್ದರಲ್ಲಿ ಈ ಸಣ್ಣ ಬದಲಾವಣೆಯ ಪಾಲು ದೊಡ್ಡದು.

ಎಲ್ಲೋ ಬೆಂಕಿ, ಇಲ್ಲಿ ಬೆಲೆ

ಭಾಗಗಳ ವ್ಯಾಪಾರಕ್ಕೆ ಟೊಮೆಟೊ ವ್ಯಾಪಾರದ ಗುಣವೂ ಇದೆ. ಎಲ್ಲೋ ಮಳೆ ಬಂದರೆ ಇಲ್ಲಿ ಬೆಲೆ ಏರುತ್ತದೆ.

1993ರ ಜುಲೈನಲ್ಲಿ ಜಪಾನಿನ ನಿಹಾಮಾ ಎಂಬಲ್ಲಿ ಸುಮಿಟೊಮೊ ಕೆಮಿಕಲ್ ಕಾರ್ಖಾನೆ ಸ್ಫೋಟಗೊಂಡಿತು. ಚಿಪ್ಪುಗಳನ್ನು ಮುಚ್ಚಲು ಬಳಸುವ ಅಂಟಿನಂಥ ರಾಳದಲ್ಲಿ ಜಗತ್ತಿನ ಅರ್ಧಕ್ಕೂ ಹೆಚ್ಚು ಬರುತ್ತಿದ್ದದ್ದು ಅಲ್ಲಿಂದ. ಮೆಮೊರಿ ಬೆಲೆ ದಿಢೀರನೆ ಏರಿತು. 1999ರ ಸೆಪ್ಟೆಂಬರ್ 21ರಂದು ತೈವಾನ್‌ನಲ್ಲಿ ಭೂಕಂಪವಾದಾಗ ಮತ್ತೆ ಹಾಗೇ ಆಯಿತು. 2011ರಲ್ಲಿ ಥಾಯ್ಲೆಂಡಿನ ನೆರೆಯಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿ, ಡಿಸ್ಕಿನ ಬೆಲೆ ಗಗನಕ್ಕೇರಿತು. 2025ರ ಕೊನೆಯಲ್ಲಿ ಎಐ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡಿದ್ದರಿಂದ ರ್‍ಯಾಮ್ ಬೆಲೆ ಏರಿತು.

ಇದರಲ್ಲಿ ನಮಗೊಂದು ಬುದ್ಧಿಮಾತಿದೆ. ಯಾವುದಾದರೂ ಒಂದು ಭಾಗದ ಬೆಲೆ ಏರಿದ್ದರೆ ಇಡೀ ಕಂಪ್ಯೂಟರನ್ನು ಮುಂದೂಡಬೇಕಿಲ್ಲ. ಈಗ 8 ಜಿಬಿ ರ್‍ಯಾಮ್ ಹಾಕಿ, ಒಂದು ಸ್ಲಾಟ್ ಖಾಲಿ ಬಿಟ್ಟು, ಬೆಲೆ ಇಳಿದಾಗ ಇನ್ನೊಂದು ಹಾಕಬಹುದು. ಲ್ಯಾಪ್‌ಟಾಪಿನಲ್ಲಿ ಎಷ್ಟೋ ಸಲ ಈ ಅವಕಾಶವೇ ಇರುವುದಿಲ್ಲ.

ಕನ್ನಡವೂ ಒಂದು ಬಿಡಿಭಾಗವಾಗಿತ್ತು!

ಇವತ್ತು ನಂಬುವುದು ಕಷ್ಟ. ಒಂದು ಕಾಲದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಕಾಣಬೇಕಾದರೆ ಅದಕ್ಕೂ ಒಂದು ಕಾರ್ಡ್ ಕೊಂಡು ಸ್ಲಾಟ್‌ಗೆ ಸಿಕ್ಕಿಸಬಹುದಿತ್ತು.

ಕಾನ್ಪುರದ ಐಐಟಿಯಲ್ಲಿ ಶುರುವಾದ ಭಾರತೀಯ ಲಿಪಿಗಳ ಕೆಲಸವನ್ನು ಪುಣೆಯ ಸಿ-ಡ್ಯಾಕ್ ಮುಂದುವರಿಸಿ 'ಜಿಸ್ಟ್ ಕಾರ್ಡ್' ಎಂಬ ಹಲಗೆ ತಂದಿತು. ಅದನ್ನು ಪಿಸಿಯ ಖಾಲಿ ಸ್ಲಾಟ್‌ಗೆ ಹಾಕಿದರೆ ಕನ್ನಡ, ತಮಿಳು, ದೇವನಾಗರಿ ಮುಂತಾದ ಲಿಪಿಗಳು ಪರದೆಯಲ್ಲಿ ಮೂಡುತ್ತಿದ್ದವು. ಐಬಿಎಂನವರು 1981ರಲ್ಲಿ ಬಿಟ್ಟ ಖಾಲಿ ಸ್ಲಾಟ್ ನಮ್ಮ ಅಕ್ಷರಕ್ಕೆ ಜಾಗ ಕೊಟ್ಟಿತು ಎನ್ನಬಹುದು. ಆದರೆ ಕಾರ್ಡಿನ ದುಡ್ಡು ಹೆಚ್ಚುವರಿ. ಇಂಗ್ಲಿಷಿನವರಿಗೆ ಇಲ್ಲದ ಖರ್ಚು ಕನ್ನಡದವರಿಗೆ.

ಈ ಖರ್ಚನ್ನು ಇಳಿಸಿದ್ದು ಸಾಫ್ಟ್‌ವೇರ್. 1998ರಲ್ಲಿ ಶೇಷಾದ್ರಿವಾಸು ಅವರು ಬರೆದ 'ಬರಹ' ಉಚಿತವಾಗಿ ಸಿಕ್ಕಿತು. ನಂತರ ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ತಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜೋಡಣೆ ಮನೆಮನೆಗೆ ಹೋಯಿತು. ಮಾಮೂಲಿ ಇಂಗ್ಲಿಷ್ ಕೀಬೋರ್ಡಿನಲ್ಲೇ ಕನ್ನಡ ಬೆರಳಿಗೆ ಬಂತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಫಾಂಟ್ ಜೊತೆಗೇ ಬಂತು.

ಕಾರ್ಡು ಬೇಕಿಲ್ಲ, ಅಸೆಂಬಲ್ಡ್ ಕಂಪ್ಯೂಟರ್ ಸಾಕು ಎಂದಾದ ಮೇಲೆ ಪೇಟೆಯ ಡಿಟಿಪಿ ಅಂಗಡಿಗಳು ಹೆಚ್ಚಿದವು. ಲಗ್ನಪತ್ರಿಕೆ, ಕರಪತ್ರ, ಪಂಚಾಯಿತಿ ಅರ್ಜಿ, ಸಣ್ಣ ವಾರಪತ್ರಿಕೆ ಎಲ್ಲ ಅಲ್ಲಿ ತಯಾರಾದವು. ಅಲ್ಲಿ ಕೂತು ಟೈಪ್ ಮಾಡಿದವರಲ್ಲಿ ಹೆಣ್ಣುಮಕ್ಕಳು ಬಹಳ. ನಮ್ಮಂಥ ಹಳ್ಳಿ ಪತ್ರಕರ್ತರ ಸುದ್ದಿಗೂ ಮೊದಲು ಅಚ್ಚಿನ ರೂಪ ಕೊಟ್ಟದ್ದು ಅವರ ಬೆರಳುಗಳೇ.

ಬಡವರಿಗಾಗಿ ಮಾಡಿದ ಕಂಪ್ಯೂಟರ್‌ಗಳು

ಈ ಮಧ್ಯೆ, ಬಡವರಿಗೆಂದೇ ಅಗ್ಗದ ಕಂಪ್ಯೂಟರ್ ಮಾಡುವ ಒಳ್ಳೆಯ ಮನಸ್ಸಿನ ಪ್ರಯತ್ನಗಳೂ ನಡೆದವು.

ಮೊದಲ ಹೆಸರು ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯ ಎಂಜಿನಿಯರ್‌ಗಳು ಸೇರಿ 'ಸಿಂಪ್ಯೂಟರ್' ರೂಪಿಸಿದರು. ಅಂಗೈಯಲ್ಲಿ ಹಿಡಿಯುವ ಯಂತ್ರ, ಗುರಿ ಸುಮಾರು 9,000 ರೂಪಾಯಿ. ಅಕ್ಷರ ಬಾರದವರಿಗೂ ಓದಿ ಹೇಳಬೇಕು, ಸ್ಮಾರ್ಟ್ ಕಾರ್ಡ್ ಇಟ್ಟುಕೊಂಡು ಊರಿನವರೆಲ್ಲ ಒಂದನ್ನೇ ಹಂಚಿಕೊಳ್ಳಬೇಕು ಎಂಬ ಆಸೆ. 2004ರಲ್ಲಿ ಬಿಇಎಲ್ ತಯಾರಿಸಿದ ಮಾದರಿ ಮಾರುಕಟ್ಟೆಗೆ ಬಂತು. ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ.

ಅಮೆರಿಕದ ನಿಕೊಲಸ್ ನೆಗ್ರೊಪೊಂಟೆ 2005ರಲ್ಲಿ ಮಕ್ಕಳಿಗೆ 100 ಡಾಲರಿನ ಲ್ಯಾಪ್‌ಟಾಪ್ ಎಂದರು. 2007ರಲ್ಲಿ ತಯಾರಾದಾಗ ಅದರ ಬೆಲೆ 180 ಡಾಲರ್ ದಾಟಿತ್ತು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 'ಆಕಾಶ್' ಟ್ಯಾಬ್ಲೆಟ್ ಬಿಡುಗಡೆ ಮಾಡಿತು. ಒಂದಕ್ಕೆ 2,276 ರೂಪಾಯಿ ಕೊಟ್ಟು ಕೊಂಡು, ವಿದ್ಯಾರ್ಥಿಗಳಿಗೆ ಇನ್ನೂ ಕಡಿಮೆಗೆ ಕೊಡುವ ಯೋಜನೆ. ಪರದೆ ಮುಟ್ಟಿದರೆ ಸರಿಯಾಗಿ ಕೇಳುವುದಿಲ್ಲ, ನಿಧಾನ ಎಂಬ ದೂರುಗಳೇ ಹೆಚ್ಚು ಕೇಳಿಬಂದವು.

ಈ ಯಂತ್ರಗಳನ್ನು ಮಾಡಿದವರ ಉದ್ದೇಶದಲ್ಲಿ ಕೊರತೆ ಇರಲಿಲ್ಲ. ಸಿಂಪ್ಯೂಟರಿನ ಹಲವು ಯೋಚನೆಗಳು ಮುಂದೆ ಮೊಬೈಲಿನಲ್ಲಿ ನಿಜವಾದವು. ಆದರೆ ಒಂದು ವ್ಯತ್ಯಾಸ ಗಮನಿಸಿ. ಇವುಗಳಲ್ಲಿ ಬಡವರಿಗೆ ಏನು ಬೇಕು ಎಂದು ಬೇರೆಯವರು ತೀರ್ಮಾನಿಸಿ, ಮುಚ್ಚಿದ ಪೆಟ್ಟಿಗೆ ಕೊಟ್ಟರು. ಒಂದು ಭಾಗ ಸಾಲದಿದ್ದರೆ ಬದಲಿಸುವಂತಿಲ್ಲ. ಅಸೆಂಬಲ್ಡ್ ಕಂಪ್ಯೂಟರಿನಲ್ಲಿ ಬೇಕಾದ್ದು ಯಾವುದು, ಬೇಡವಾದ್ದು ಯಾವುದು ಎಂದು ಕೊಳ್ಳುವವರೇ ಆರಿಸಿದರು. ಯಾವ ಸಬ್ಸಿಡಿಯೂ ಇಲ್ಲದೆ ಅದು ಪೇಟೆಪೇಟೆಗೆ ಹೋಯಿತು.

ಮನೆಯೊಳಗಿನ ಇತಿಹಾಸ

ಇಲ್ಲಿಯವರೆಗೆ ಕಂಪನಿ, ಸರ್ಕಾರಗಳ ಕಥೆ ಹೇಳಿದೆವು. ಮನೆಯೊಳಗೂ ಒಂದು ಇತಿಹಾಸವಿದೆ. ಅದು ಅಷ್ಟು ಚೆನ್ನಾಗಿಲ್ಲ.

ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆಯುವವರಲ್ಲಿ ನೂರಕ್ಕೆ 37 ಮಂದಿ ಹೆಣ್ಣುಮಕ್ಕಳು. ಆಮೇಲೆ ಅದು ಇಳಿಯುತ್ತ ಇಪ್ಪತ್ತಕ್ಕಿಂತ ಕೆಳಗೆ ಹೋಯಿತು. ಜೇನ್ ಮಾರ್ಗೊಲಿಸ್ ಮತ್ತು ಅಲನ್ ಫಿಷರ್ ಎಂಬಿಬ್ಬರು 1990ರ ದಶಕದಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಮಾತನಾಡಿಸಿದರು. ಅವರಿಗೆ ಕಂಡ ಕಾರಣಗಳಲ್ಲಿ ಒಂದು ತೀರಾ ಸರಳ. ಮನೆಗೆ ಕಂಪ್ಯೂಟರ್ ತಂದಾಗ ಅದನ್ನು ಹೆಚ್ಚಾಗಿ ಇಡುತ್ತಿದ್ದದ್ದು ಮಗನ ಕೋಣೆಯಲ್ಲಿ. ಅದರ ಬಗ್ಗೆ ಮಾತಾಡುತ್ತಿದ್ದವರು ಅಪ್ಪ ಮತ್ತು ಮಗ. ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು.

ನಮ್ಮಲ್ಲಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಗಂಡಸರು ನೂರಕ್ಕೆ 57. ಹೆಂಗಸರು 33. ಹಳ್ಳಿಯ ಹೆಂಗಸರನ್ನಷ್ಟೇ ನೋಡಿದರೆ ಸುಮಾರು 25.

ಹೆಂಡತಿಗೆಂದು ಕಂಪ್ಯೂಟರ್ ಕೊಳ್ಳುವುದು ಅದಕ್ಕೇ ಬರೀ ಉಡುಗೊರೆಯ ಮಾತಲ್ಲ. ಅವಳಿಗೆಂದು ತಂದು, ಭಾಗಗಳನ್ನು ನಮ್ಮ ಆಸೆಗೆ ತಕ್ಕಂತೆ ಆರಿಸಿ, ಪಾಸ್‌ವರ್ಡ್ ನಾವೇ ಇಟ್ಟುಕೊಂಡರೆ ನಾವೂ ಮುಚ್ಚಿದ ಪೆಟ್ಟಿಗೆ ಕೊಟ್ಟ ಹಾಗೇ ಆಯಿತು.

ಒಂದು ಪಟ್ಟಿ ಬದಲಾದ ಬಗೆ

ನಮ್ಮ ಬಳಗದ ಗೆಳೆಯರೊಬ್ಬರು ಹೆಂಡತಿಗಾಗಿ ಕಂಪ್ಯೂಟರ್ ಜೋಡಿಸಲು ಹೊರಟಾಗ ಪೇಟೆಯ ಅಂಗಡಿಯಿಂದ ಒಂದು ಪಟ್ಟಿ ತಂದರು. ಅದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇತ್ತು, ಬಣ್ಣದ ದೀಪಗಳಿರುವ ಕ್ಯಾಬಿನೆಟ್ ಇತ್ತು, ಸಣ್ಣ ಮಾನಿಟರ್ ಇತ್ತು. ಯುಪಿಎಸ್ ಇರಲಿಲ್ಲ. ಆಕೆ ಪಟ್ಟಿ ಓದಿ ಕೇಳಿದ್ದು ಇಷ್ಟೇ:

"ರೀ, ಇದರಲ್ಲಿ ನುಡಿ ಬರುತ್ತಾ? ಕರೆಂಟ್ ಹೋದ್ರೆ ಟೈಪ್ ಮಾಡಿದ್ದು ಉಳಿಯುತ್ತಾ? ಮಗು ಮಲಗಿದ ಮೇಲೆ ನಾನು ಕೂರೋದು, ಫ್ಯಾನ್ ಸದ್ದು ಜೋರಾಗಿರುತ್ತಾ?"

ಮೂರು ಪ್ರಶ್ನೆಗೆ ಪಟ್ಟಿ ಪೂರ್ತಿ ಬದಲಾಯಿತು. ಗ್ರಾಫಿಕ್ಸ್ ಕಾರ್ಡ್ ಹೋಯಿತು, ಅದರ ಫ್ಯಾನಿನ ಸದ್ದೂ ಹೋಯಿತು. ದೀಪದ ಕ್ಯಾಬಿನೆಟ್ ಹೋಯಿತು. ಆ ದುಡ್ಡಿಗೆ ಯುಪಿಎಸ್ ಬಂತು, ದೊಡ್ಡ ಮಾನಿಟರ್ ಬಂತು, ಒಳ್ಳೆಯ ಕೀಬೋರ್ಡ್ ಬಂತು. ಒಟ್ಟು ಬೆಲೆ ಮೊದಲ ಪಟ್ಟಿಗಿಂತ ಕಡಿಮೆಯೇ ಆಯಿತು. ಕಂಪ್ಯೂಟರ್ ಬಲ್ಲವರು ಗಂಡ. ಆದರೆ ಸರಿಯಾದ ಪ್ರಶ್ನೆ ಕೇಳಿದ್ದು ಅದರ ಮುಂದೆ ಕೂರುವಾಕೆ.

ಇತಿಹಾಸ ಕಲಿಸುವ ಕೊಳ್ಳುವ ಬುದ್ಧಿ

ಪೇಟೆಗೆ ಹೊರಡುವ ಮುಂಚೆ ಇವಿಷ್ಟು ಗಮನದಲ್ಲಿರಲಿ.

ಕೆಲಸ ಮೊದಲು, ಭಾಗ ಆಮೇಲೆ. ಟೈಪಿಂಗ್, ಲೆಕ್ಕ, ಆನ್‌ಲೈನ್ ಪಾಠ, ಅರ್ಜಿ ಹಾಕುವುದು ಇಷ್ಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ. ಪ್ರೊಸೆಸರಿನಲ್ಲೇ ಚಿತ್ರ ತೋರಿಸುವ ವ್ಯವಸ್ಥೆ ಇರುವುದನ್ನು ಕೇಳಿ. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ 'ಎಫ್' ಅಕ್ಷರ ಇದ್ದರೆ ಅದರಲ್ಲಿ ಆ ವ್ಯವಸ್ಥೆ ಇರುವುದಿಲ್ಲ. ನಾಲ್ಕು ಕಾಸು ಕಡಿಮೆ ಎಂದು ಅದನ್ನು ಕೊಂಡರೆ ಮತ್ತೆ ಕಾರ್ಡ್ ಕೊಳ್ಳಬೇಕಾಗುತ್ತದೆ.

ಮದರ್‌ಬೋರ್ಡಿಗೆ ಯಾವ ಪ್ರೊಸೆಸರ್, ಯಾವ ರ್‍ಯಾಮ್ ಹೊಂದುತ್ತದೆ ಎಂದು ನೋಡಿ. ಡಿಡಿಆರ್4 ರ್‍ಯಾಮ್ ಡಿಡಿಆರ್5 ಸ್ಲಾಟ್‌ಗೆ ಕೂರುವುದಿಲ್ಲ. ವೆಕ್ಟರ್ ಗ್ರಾಫಿಕ್ ಕಥೆ ನೆನಪಿದೆಯಲ್ಲ? ಹೋಗುತ್ತಿರುವ ಅಳತೆಯ ಬೋರ್ಡ್ ಅಗ್ಗಕ್ಕೆ ಸಿಗುತ್ತದೆ, ಆದರೆ ನಾಲ್ಕು ವರ್ಷದ ನಂತರ ಅದಕ್ಕೆ ಹೊಸ ಭಾಗ ಹುಡುಕಬೇಕಾಗುತ್ತದೆ. ರ್‍ಯಾಮ್‌ಗೆ ಎರಡು ಸ್ಲಾಟ್ ಇರಲೇಬೇಕು.

ಡಿಸ್ಕ್ ಎಂದರೆ ಈಗ ಎಸ್‌ಎಸ್‌ಡಿ. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ವಿಂಡೋಸ್ ಹಾಕಿದರೆ ಎಂಥ ಪ್ರೊಸೆಸರ್ ಇದ್ದರೂ ಯಂತ್ರ ತೆವಳುತ್ತದೆ.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ಜಿಪುಣತನ ಬೇಡ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹೆಸರಿಲ್ಲದ ಡಬ್ಬ ನಮ್ಮ ಹಳ್ಳಿಯ ಏರಿಳಿಯುವ ಕರೆಂಟಿಗೆ ತಡೆಯುವುದಿಲ್ಲ. ಅದು ಸುಟ್ಟರೆ ಒಮ್ಮೊಮ್ಮೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಮನೆಯಲ್ಲಿ ಅರ್ಥಿಂಗ್ ಸರಿ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಯುಪಿಎಸ್‌ಗೆ ಕಂಪ್ಯೂಟರ್ ಮತ್ತು ಮಾನಿಟರ್ ಮಾತ್ರ ಕೊಡಿ. ಲೇಸರ್ ಪ್ರಿಂಟರ್ ಬೇಡ, ಅದು ಒಮ್ಮೆಲೇ ಬಹಳ ಕರೆಂಟ್ ಎಳೆಯುತ್ತದೆ.

ಮನೆಯಲ್ಲಿರುವುದನ್ನು ಬಳಸಿಕೊಳ್ಳಿ. ಸಿಂಕ್ಲೇರ್ ಮಾಡಿದ್ದು ಅದನ್ನೇ. ಎಚ್‌ಡಿಎಂಐ ಇರುವ ಟಿವಿ ಇದ್ದರೆ ಮೊದಲ ಕೆಲವು ತಿಂಗಳು ಅದೇ ಮಾನಿಟರ್ ಆಗಬಹುದು. ಆದರೆ ದಿನಕ್ಕೆ ನಾಲ್ಕು ಗಂಟೆ ಟೈಪಿಂಗ್ ಇದ್ದರೆ ಕಣ್ಣಿನ ಸಲುವಾಗಿ ಬೇಗ ಮಾನಿಟರ್ ತನ್ನಿ.

ಕಚೇರಿಗಳಲ್ಲಿ ಬಳಸಿ ಮಾರಿದ ಕಂಪ್ಯೂಟರ್ ಅಗ್ಗಕ್ಕೆ ಸಿಗುತ್ತದೆ, ತಪ್ಪೇನಿಲ್ಲ. ಒಂದು ಎಚ್ಚರ ಇರಲಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯದಾದರೆ ಲಿನಕ್ಸ್ ಹಾಕಿಕೊಳ್ಳಬಹುದು. ಅದು ಉಚಿತ, ಅದರಲ್ಲಿ ಕನ್ನಡವೂ ಬರುತ್ತದೆ. ಆದರೆ ಅವಳ ಕೆಲಸಕ್ಕೆ ವಿಂಡೋಸಿನದೇ ತಂತ್ರಾಂಶ ಬೇಕೇ ಎಂದು ಮೊದಲು ಕೇಳಿ.

ಪ್ರತಿ ಭಾಗಕ್ಕೂ ವಾರಂಟಿ ಬೇರೆ ಬೇರೆ. ಭಾಗದ ಹೆಸರು, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ಲನ್ನು ಕೇಳಿ ಪಡೆಯಿರಿ. ಪೆಟ್ಟಿಗೆಗಳನ್ನು ಅಟ್ಟದ ಮೇಲೆ ಇಟ್ಟುಕೊಳ್ಳಿ.

ಕೊನೆಯದಾಗಿ, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಅಂಗಡಿಗೆ ಹೋಗಿ. ಕೀಬೋರ್ಡನ್ನು ಅವರೇ ಒತ್ತಿ ನೋಡಲಿ, ಮಾನಿಟರಿನ ಎತ್ತರ ಅವರೇ ಹೇಳಲಿ. ಜೋಡಿಸುವಾಗ ರ್‍ಯಾಮ್ ಒಂದನ್ನಾದರೂ ಅವರ ಕೈಯಲ್ಲೇ ಕೂರಿಸಿ. 'ಟಕ್' ಎಂದು ಕೂತ ಮೇಲೆ ಹೆದರಿಕೆ ಅರ್ಧ ಹೋಗುತ್ತದೆ. ಮುಂದೆ ಯಾವತ್ತೋ ಪರದೆ ಕಪ್ಪಾದಾಗ ಅದನ್ನು ತೆಗೆದು, ಒರೆಸಿ, ಮತ್ತೆ ಹಾಕಿ ನೋಡಲು ಯಾರನ್ನೂ ಕಾಯಬೇಕಾಗುವುದಿಲ್ಲ. ಮೊದಲ ಪಾಸ್‌ವರ್ಡನ್ನೂ ಅವರೇ ಇಡಲಿ.